ಫ್ಯುಯೆಲ್ ಸೆಲ್ ಕೆಡುವುದು ಓಡುವಾಗಲ್ಲ, ನಿಲ್ಲಿಸುವಾಗ

ಹೈಡ್ರೋಜನ್ ದೋಣಿ ಈಗ ಬರೀ ಬಾಯಿಮಾತಿನ ವಿಷಯವಲ್ಲ. ಕೊಚ್ಚಿ ಶಿಪ್‌ಯಾರ್ಡ್ ಕಟ್ಟಿದ, ಹೈಡ್ರೋಜನ್‌ನಿಂದ ಕರೆಂಟ್ ಮಾಡಿಕೊಂಡು ಓಡುವ ಫ್ಯುಯೆಲ್ ಸೆಲ್ ದೋಣಿಗೆ 2024ರ ಫೆಬ್ರವರಿಯಲ್ಲಿ ಹಸಿರು ನಿಶಾನೆ ಸಿಕ್ಕಿತು. ಅದನ್ನು ಮಾಡಿದ್ದು ವಾರಾಣಸಿಗೆ, ಗಂಗೆಯ ಸಿಹಿನೀರಿಗೆ. ಅಂಥದ್ದೇ ಒಂದು ದೋಣಿ ನಾಳೆ ಕಾರವಾರದ ಬೈತಖೋಲಿಗೆ ಬಂದು ಲಂಗರು ಹಾಕಿದರೆ ಅದರಲ್ಲಿ ಮೊದಲು ಕೆಡುವುದು ಯಾವುದು? ಯಾವಾಗ? ದೋಣಿ ನಡೆಸುವ ಯಾವ ತಾಂಡೇಲರನ್ನು ಕೇಳಿದರೂ ‘ಜೋರಾಗಿ ಓಡಿಸಿದರೆ ಕೆಡುತ್ತೆ’ ಅಂದಾರು. ಡೀಸೆಲ್ ಇಂಜಿನ್ ಜೊತೆಗೇ ಬದುಕಿದವರು ಹಾಗೆ ಅಂದುಕೊಳ್ಳುವುದು ಸಹಜ.

ಫ್ಯುಯೆಲ್ ಸೆಲ್ ಕತೆ ಉಲ್ಟಾ. ಒಂದೇ ಹದದಲ್ಲಿ ದಿನಗಟ್ಟಲೆ ಓಡಿದರೂ ಅದಕ್ಕೆ ಅಷ್ಟೇನೂ ಆಯಾಸವಿಲ್ಲ. ಅದು ಪೆಟ್ಟು ತಿನ್ನುವುದು ಹದ ಬದಲಾಗುವಾಗ. ತಟ್ಟನೆ ಥ್ರಾಟಲ್ ಬಿಟ್ಟಾಗ, ಆಫ್ ಮಾಡಿದಾಗ, ಆಫ್ ಮಾಡಿ ಸುಮ್ನೆ ಬಿಟ್ಟು ಮತ್ತೆ ಆನ್ ಮಾಡಿದಾಗ. ಆಗ ಅದನ್ನು ಕಾಯುವುದು ಬೆರಳೆಣಿಕೆಯಷ್ಟು ವಾಲ್ವ್‌ಗಳು, ಮತ್ತು ಯಾವುದನ್ನು ಯಾವಾಗ ತೆರೆಯಬೇಕು, ಎಷ್ಟು ಮುಚ್ಚಬೇಕು ಅಂತ ನಿರ್ಧರಿಸುವ ಒಂದು ಕಂಟ್ರೋಲರ್. ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿ ನೀರಾಗುವುದನ್ನು ಎಲ್ಲರೂ ವಿವರಿಸುತ್ತಾರೆ. ಈ ವಾಲ್ವ್‌ಗಳ ಸುದ್ದಿಗೆ ಹೋಗುವವರು ಕಮ್ಮಿ. ನನಗೆ ಮಾತ್ರ ಇಡೀ ಯಂತ್ರದಲ್ಲಿ ಕುತೂಹಲದ ಭಾಗ ಅಂದರೆ ಇದೇ.

ಒಳಗೇನಿದೆ ಅಂತ ಬೇಗ ನೋಡಿಬಿಡೋಣ. ನಡುವೆ ತೆಳ್ಳಗಿನ ಒಂದು ಪ್ಲಾಸ್ಟಿಕ್ ಪೊರೆ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ಪೊರೆಯ ಎರಡೂ ಮೈಗೆ ಇಂಗಾಲದ ನುಣ್ಣನೆಯ ಪುಡಿ, ಅದಕ್ಕೆ ಅಂಟಿಕೊಂಡ ಪ್ಲಾಟಿನಂ ಕಣಗಳು. ಹೈಡ್ರೋಜನ್ ಪ್ಲಾಟಿನಂ ಮೇಲೆ ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗುತ್ತದೆ. ಪ್ರೋಟಾನ್ ಪೊರೆಯೊಳಗಿಂದ ಆಚೆ ದಾಟುತ್ತದೆ. ಎಲೆಕ್ಟ್ರಾನ್‌ಗೆ ಆ ದಾರಿ ಇಲ್ಲ, ತಂತಿಯಲ್ಲಿ ಸುತ್ತಿಕೊಂಡೇ ಬರಬೇಕು. ಆ ಸುತ್ತೇ ನಮಗೆ ಸಿಗುವ ಕರೆಂಟ್. ಲೋಡ್ ಇದ್ದಾಗ ಒಂದು ಸೆಲ್ ಕೊಡುವುದು 0.6ರಿಂದ 0.7 ವೋಲ್ಟ್ ಅಷ್ಟೇ. ಅದಕ್ಕೇ ನೂರಾರು ಸೆಲ್‌ಗಳನ್ನು ಒತ್ತಾಗಿ ಜೋಡಿಸಿ ಸ್ಟ್ಯಾಕ್ ಮಾಡುತ್ತಾರೆ. 2014ರಲ್ಲಿ ಬಂದ ಮೊದಲ ಟೊಯೊಟಾ ಮಿರಾಯ್ ಕಾರಿನಲ್ಲಿ 370 ಸೆಲ್‌ಗಳಿದ್ದವು.

ಈಗಿನ ವಾಹನದ ಸ್ಟ್ಯಾಕ್‌ಗಳಲ್ಲಿ ಆ ಪೊರೆಯ ದಪ್ಪ 10ರಿಂದ 20 ಮೈಕ್ರಾನ್. ತಲೆಕೂದಲೇ ಅದಕ್ಕಿಂತ ದಪ್ಪ. ಇನ್ನು ಹೈಡ್ರೋಜನ್ ಬರುವ ಟ್ಯಾಂಕಿನ ಒತ್ತಡ ನೋಡಿ: ಬಸ್ಸುಗಳಲ್ಲಿ ಸಾಮಾನ್ಯವಾಗಿ 350 ಬಾರ್, ಕಾರುಗಳಲ್ಲಿ 700 ಬಾರ್ (ಒಂದು ಬಾರ್ ಅಂದರೆ ಹೆಚ್ಚೂಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಒಂದು ತುದಿಯಲ್ಲಿ 700 ಬಾರ್, ಇನ್ನೊಂದು ತುದಿಯಲ್ಲಿ ಕೂದಲಿಗಿಂತ ತೆಳುವಾದ ಪೊರೆ. ನಡುವೆ ಇರುವುದು ರೆಗ್ಯುಲೇಟರ್ ಮತ್ತು ವಾಲ್ವ್‌ಗಳು ಮಾತ್ರ. ಟ್ಯಾಂಕಿನ ಒತ್ತಡವನ್ನು ಮೊದಲು ಹತ್ತಿಪ್ಪತ್ತು ಬಾರ್‌ಗೆ ಇಳಿಸಿ, ಆಮೇಲೆ ಇಂಜೆಕ್ಟರ್‌ಗಳು (ಹೈಡ್ರೋಜನ್ ಅಳೆದು ಬಿಡುವ ವಾಲ್ವ್‌ಗಳು) ಅದನ್ನು ಎರಡು-ಎರಡೂವರೆ ಬಾರ್ ಹದಕ್ಕೆ ತಂದು ಸ್ಟ್ಯಾಕಿಗೆ ಬಿಡುತ್ತವೆ.

ಮುಖ್ಯ ಒತ್ತಡವಲ್ಲ, ಒತ್ತಡದ ವ್ಯತ್ಯಾಸ

ಕುಮಟಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ಮುಂದಿನ ವಿಷಯ ಬೇಗ ಹತ್ತುತ್ತದೆ. ಒಂದು ಕಡೆ ಅಘನಾಶಿನಿಯ ಉಪ್ಪುನೀರು, ಇನ್ನೊಂದು ಕಡೆ ಕಗ್ಗ ಭತ್ತದ ಗದ್ದೆ, ನಡುವೆ ಮಣ್ಣಿನ ಕಟ್ಟೆ. ಎರಡೂ ಕಡೆ ನೀರು ಎದೆಮಟ್ಟ ನಿಂತರೂ ಕಟ್ಟೆಗೆ ಏನೂ ಆಗುವುದಿಲ್ಲ. ಒಂದು ಕಡೆ ತುಂಬಿ, ಇನ್ನೊಂದು ಕಡೆ ತಟ್ಟನೆ ಖಾಲಿಯಾದರೆ ಒಡೆಯುತ್ತದೆ. ಭರತ-ಇಳಿತ ನೋಡಿಕೊಂಡು ಬಾಗಿಲಿನ ಹಲಗೆ ಎತ್ತಿ ಇಳಿಸುವವರು ಕಾಯುವುದು ನೀರಿನ ಆಳವನ್ನಲ್ಲ, ಎರಡು ಕಡೆಯ ವ್ಯತ್ಯಾಸವನ್ನು. ಫ್ಯುಯೆಲ್ ಸೆಲ್‌ನ ವಾಲ್ವ್‌ಗಳ ಕೆಲಸವೂ ಅದೇ.

ಲೆಕ್ಕ ಹಾಕಿ ನೋಡಿ. ಒಂದು ಸೆಲ್‌ನ ಪೊರೆ 250 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಎರಡೂ ಬದಿ 2.5 ಬಾರ್ ಇದ್ದರೆ ಒಂದನ್ನೊಂದು ಸರಿದೂಗಿಸಿ ಪೊರೆಯ ಮೇಲೆ ಬೀಳುವ ಭಾರ ಸೊನ್ನೆ. ಒಂದು ಬದಿ 2 ಬಾರ್‌ಗೆ ಇಳಿಯಿತು ಅನ್ನಿ, ಅರ್ಧ ಬಾರ್ ವ್ಯತ್ಯಾಸ. ಆಗ ಆ ಪೊರೆಯ ಮೇಲೆ ಸುಮಾರು 125 ಕಿಲೋ ಭಾರ. ಆಚೀಚೆ ಇಂಗಾಲದ ಹಾಳೆಯ ಆಸರೆ ಇದೆ ನಿಜ. ಆದರೆ ಗ್ಯಾಸ್ ಹರಿಯುವ ಕಾಲುವೆಗಳ ಮೇಲೆ ಆ ಆಸರೆ ಅಷ್ಟು ಗಟ್ಟಿ ಇರುವುದಿಲ್ಲ. ಪೊರೆ ಅಲ್ಲಿ ಜಗ್ಗುತ್ತದೆ. ಒಮ್ಮೆ ಜಗ್ಗಿದರೆ ಹರಿಯದು. ದಿನಕ್ಕೆ ನೂರು ಸಲ ಅತ್ತ ಇತ್ತ ಜಗ್ಗಿದರೆ ಸಣ್ಣ ತೂತು ಬೀಳುತ್ತದೆ. ತೂತಿನಲ್ಲಿ ಹೈಡ್ರೋಜನ್ ಮತ್ತು ಗಾಳಿ ಪ್ಲಾಟಿನಂ ಎದುರು ನೇರವಾಗಿ ಸೇರುತ್ತವೆ, ಅಲ್ಲೇ ಬಿಸಿಯಾಗಿ ಸುಡುತ್ತದೆ, ತೂತು ಇನ್ನೂ ದೊಡ್ಡದಾಗುತ್ತದೆ.

ಹಾಗಾದರೆ ಎರಡೂ ಬದಿ ಸಮ ಇಟ್ಟರಾಯಿತಲ್ಲ? ಪೂರ್ತಿ ಸಮ ಇಡುವುದಿಲ್ಲ. ಹೈಡ್ರೋಜನ್ ಬದಿಯನ್ನು ಸ್ವಲ್ಪ ಮೇಲೆ, ಸಾಮಾನ್ಯವಾಗಿ 0.1ರಿಂದ 0.3 ಬಾರ್ ಜಾಸ್ತಿ ಇಡುತ್ತಾರೆ. ಕಾರಣ ಸರಳ. ಎಲ್ಲಾದರೂ ಸೋರಿದರೆ ಹೈಡ್ರೋಜನ್ ಗಾಳಿ ಬದಿಗೆ ಸೋರಲಿ. ಅಲ್ಲಿ ಗಾಳಿ ಜೋರಾಗಿ ಹರಿಯುತ್ತಿರುತ್ತದೆ, ಬಂದದ್ದನ್ನು ತೆಳುಮಾಡಿ ಹೊರಗೆ ಒಯ್ಯುತ್ತದೆ. ಗಾಳಿಯೇ ಹೈಡ್ರೋಜನ್ ಬದಿಗೆ ನುಗ್ಗಿದರೆ ಏನಾಗುತ್ತೆ ಅನ್ನುವುದನ್ನು ಮುಂದೆ ನೋಡೋಣ, ಅದು ಬೇರೆಯದೇ ಅನಾಹುತ.

ಗಾಳಿಯ ದಾರಿ

ಒಂದು ಕಿಲೋ ಹೈಡ್ರೋಜನ್‌ಗೆ 8 ಕಿಲೋ ಆಮ್ಲಜನಕ ಬೇಕು. ಅಷ್ಟು ಆಮ್ಲಜನಕ ಇರುವುದು ಸುಮಾರು 35 ಕಿಲೋ ಗಾಳಿಯಲ್ಲಿ. ಬೇಕಾದಷ್ಟೇ ಗಾಳಿ ಕೊಟ್ಟರೆ ಕಾಲುವೆಯ ಕೊನೆಗೆ ಹೋಗುವಷ್ಟರಲ್ಲಿ ಆಮ್ಲಜನಕ ಖಾಲಿ. ಅದಕ್ಕೆ ಎರಡು ಪಟ್ಟು ಕೊಡುತ್ತಾರೆ. ಅಂದರೆ ಹತ್ತಿರ ಹತ್ತಿರ 70 ಕಿಲೋ, ಸುಮಾರು 60 ಘನ ಮೀಟರ್ ಗಾಳಿ. ಆ ಒಂದು ಕಿಲೋ ಹೈಡ್ರೋಜನ್‌ನಿಂದ ಸಿಗುವುದು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 16 ಯೂನಿಟ್ ಆಸುಪಾಸು.

ಈ ಗಾಳಿ ಫಿಲ್ಟರ್ ದಾಟಿ ಕಂಪ್ರೆಸರ್‌ಗೆ ಬರುತ್ತದೆ. ಅಲ್ಲಿ ಒತ್ತಿಸಿಕೊಂಡು ಬಿಸಿಯಾಗುತ್ತದೆ, ಕೂಲರ್‌ನಲ್ಲಿ ತಣಿಯುತ್ತದೆ, ಹ್ಯೂಮಿಡಿಫೈಯರ್‌ನಲ್ಲಿ ತೇವ ಹೀರಿಕೊಂಡು ಸ್ಟ್ಯಾಕಿನೊಳಗೆ ಹೋಗುತ್ತದೆ. ಸ್ಟ್ಯಾಕಿನ ಬಾಗಿಲಲ್ಲಿ ಒಂದು ವಾಲ್ವ್, ಹೊರದಾರಿಯಲ್ಲಿ ಇನ್ನೊಂದು. ಹೊರದಾರಿಯದು ಬ್ಯಾಕ್ ಪ್ರೆಶರ್ ವಾಲ್ವ್. ಪೈಪಿನೊಳಗೆ ಒಂದು ದುಂಡು ತಟ್ಟೆ, ಅದನ್ನು ತಿರುಗಿಸುವ ಪುಟ್ಟ ಮೋಟಾರ್. ತಟ್ಟೆ ಓರೆಯಾದಷ್ಟೂ ಗಾಳಿಗೆ ದಾರಿ ಇಕ್ಕಟ್ಟಾಗಿ ಒಳಗೆ ಒತ್ತಡ ಏರುತ್ತದೆ. ಮೂರನೆಯದು ಬೈಪಾಸ್ ವಾಲ್ವ್. ಇದು ತೆರೆದರೆ ಗಾಳಿ ಸ್ಟ್ಯಾಕಿಗೆ ಹೋಗದೆ ನೇರ ಹೊರಗೆ.

‘ಕಾರವಾರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಹ್ಯೂಮಿಡಿಫೈಯರ್ ಯಾಕೆ?’ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಆದರೆ ಸ್ಟ್ಯಾಕ್ ಕೆಲಸ ಮಾಡುವುದು 60ರಿಂದ 80 ಡಿಗ್ರಿ ಬಿಸಿಯಲ್ಲಿ. 30 ಡಿಗ್ರಿಯಲ್ಲಿ ನೂರಕ್ಕೆ ನೂರು ತೇವ ಇದ್ದ ಗಾಳಿಯನ್ನು 70 ಡಿಗ್ರಿಗೆ ಬಿಸಿ ಮಾಡಿದರೆ ತೇವದ ಪ್ರಮಾಣ ನೂರಕ್ಕೆ 14ರ ಹತ್ತಿರ ಇಳಿಯುತ್ತದೆ. ಜುಲೈ ತಿಂಗಳ ಕಾರವಾರದ ಗಾಳಿಯೂ ಸ್ಟ್ಯಾಕಿಗೆ ಒಣಗಾಳಿಯೇ! ಒತ್ತಡ ಎರಡು ಪಟ್ಟಾದರೆ ಅದೇ ಗಾಳಿಯ ತೇವ 27ರ ಹತ್ತಿರ ಏರುತ್ತದೆ. ಒತ್ತಡ ಅನ್ನುವುದು ಬರೀ ಪವರ್‌ಗಲ್ಲ, ಪೊರೆಯನ್ನು ಹಸಿಯಾಗಿ ಇಡುವುದಕ್ಕೂ ಬೇಕು ಅನ್ನುವುದು ಇದಕ್ಕೇ. ಗಾಳಿಯ ಹರಿವು ಹಾಗೇ ಇದ್ದು ಒತ್ತಡ ಮಾತ್ರ ಬಿದ್ದರೆ ಪೊರೆ ಒಣಗಿ ಮುದುಡುತ್ತದೆ. ಹಿಗ್ಗಿ ಕುಗ್ಗಿ ಕೊನೆಗೆ ಬಿರುಕು.

ಥ್ರಾಟಲ್ ಬಿಟ್ಟ ಆ ಒಂದು ಸೆಕೆಂಡ್

ಈಗ ದೋಣಿ ಕಾಳಿ ನದಿಯ ಅಳಿವೆ ದಾಟಿ ಜೋರಾಗಿ ಬರುತ್ತಿದೆ ಅನ್ನಿ. ಮುಂದೆ ಯಾರದೋ ಬಲೆ ತೇಲುತ್ತಿದೆ. ತಾಂಡೇಲ ಥ್ರಾಟಲ್ ಬಿಟ್ಟ.

ಕರೆಂಟಿನ ಬೇಡಿಕೆ ಅರೆಕ್ಷಣದಲ್ಲಿ ಬಿದ್ದುಹೋಯಿತು. ಕಂಪ್ರೆಸರ್‌ಗೂ ನಿಧಾನಿಸು ಅಂತ ಆಜ್ಞೆ ಹೋಯಿತು. ಗಾಳಿ ಬದಿಯ ಹೊರದಾರಿ ತೆರೆದೇ ಇದೆ, ಹಾಗಾಗಿ ಅಲ್ಲಿನ ಒತ್ತಡ ಸರ್ರನೆ ಇಳಿಯುತ್ತದೆ. ಹೈಡ್ರೋಜನ್ ಬದಿ ಹಾಗಲ್ಲ. ಅದು ಹೆಚ್ಚೂಕಮ್ಮಿ ಮುಚ್ಚಿದ ಕೋಣೆ. ಉಳಿದ ಹೈಡ್ರೋಜನ್ ಮತ್ತೆ ಮತ್ತೆ ಒಳಗೇ ಸುತ್ತುತ್ತಿರುತ್ತದೆ. ಅದು ಕಮ್ಮಿಯಾಗಬೇಕಾದರೆ ಕರೆಂಟಾಗಿ ಖರ್ಚಾಗಬೇಕು, ಇಲ್ಲ ಹೊರಗೆ ಬಿಡಬೇಕು. ಕರೆಂಟ್ ಈಗ ಯಾರಿಗೂ ಬೇಡ. ಹೀಗಾಗಿ ಒಂದು ಬದಿ 2.5 ಬಾರ್‌ನಲ್ಲೇ ನಿಂತಿದೆ, ಇನ್ನೊಂದು ಬದಿ ಒಂದು ಬಾರ್ ಕಡೆಗೆ ಜಾರುತ್ತಿದೆ. ಕಟ್ಟೆ ಒಡೆಯುವ ಗಳಿಗೆ ಅಂದರೆ ಇದು.

ಬ್ಯಾಕ್ ಪ್ರೆಶರ್ ವಾಲ್ವ್ ಮುಚ್ಚಿ ಗಾಳಿಯನ್ನು ಒಳಗೇ ಹಿಡಿದರೆ? ಪೊರೆ ಬಚಾವ್. ಆದರೆ ಕಂಪ್ರೆಸರ್ ಸಿಕ್ಕಿಹಾಕಿಕೊಳ್ಳುತ್ತದೆ. ಅದು ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಪುಟ್ಟ ಚಕ್ರ. ಮುಂದೆ ಒತ್ತಡ ಜಾಸ್ತಿ, ಹರಿವು ಮಾತ್ರ ಕಮ್ಮಿ ಆದರೆ ಗಾಳಿ ಚಕ್ರದ ಹಿಡಿತ ತಪ್ಪಿ ಹಿಂದಕ್ಕೆ ಹೊಡೆಯುತ್ತದೆ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ದಬದಬ ಸದ್ದು ಕೇಳುತ್ತದೆ, ಶಾಫ್ಟ್ ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಅಂದರೆ ವಾಲ್ವ್ ಮುಚ್ಚಿದರೆ ಕಂಪ್ರೆಸರ್‌ಗೆ ಅಪಾಯ, ತೆರೆದಿಟ್ಟರೆ ಪೊರೆಗೆ ಅಪಾಯ. ಅತ್ತ ದರಿ, ಇತ್ತ ಪುಲಿ.

ಇಲ್ಲಿ ಬೈಪಾಸ್ ವಾಲ್ವ್ ಮಧ್ಯಸ್ತಿಕೆಗೆ ಬರುತ್ತದೆ. ಅದನ್ನು ತೆರೆದರೆ ಕಂಪ್ರೆಸರ್‌ನಿಂದ ಹೊರಟ ಗಾಳಿಗೆ ಬೇರೆ ದಾರಿ ಸಿಕ್ಕಿ ಹರಿವು ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಬ್ಯಾಕ್ ಪ್ರೆಶರ್ ವಾಲ್ವ್ ಮೆಲ್ಲಗೆ ಮುಚ್ಚುತ್ತಾ ಗಾಳಿ ಬದಿಯ ಒತ್ತಡವನ್ನು ಹಿಡಿದು ನಿಧಾನಕ್ಕೆ ಇಳಿಸುತ್ತದೆ. ಇಂಜೆಕ್ಟರ್‌ಗಳು ಹೈಡ್ರೋಜನ್ ನಿಲ್ಲಿಸುತ್ತವೆ. ಸ್ಟ್ಯಾಕಿನಿಂದ ಇನ್ನೂ ಸ್ವಲ್ಪ ಹೊತ್ತು ಕರೆಂಟ್ ತೆಗೆದು ಬ್ಯಾಟರಿಗೆ ತುಂಬುತ್ತಾರೆ, ಆ ನೆಪದಲ್ಲಿ ಒಳಗಿನ ಹೈಡ್ರೋಜನ್ ಖರ್ಚಾಗಲಿ ಅಂತ. ಅದೂ ಸಾಲದಿದ್ದರೆ ಹೈಡ್ರೋಜನ್ ಬದಿಯ ಹೊರದಾರಿಯಲ್ಲಿರುವ ಪರ್ಜ್ ವಾಲ್ವ್ ಕ್ಷಣಕಾಲ ತೆರೆದು ಹೊರಗೆ ಬಿಡುತ್ತದೆ. ಹಾಗೆ ಬಿಟ್ಟ ಹೈಡ್ರೋಜನ್ ಬೈಪಾಸ್‌ನಿಂದ ಬಂದ ಗಾಳಿಯಲ್ಲೇ ಬೆರೆಯುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4 ದಾಟಿದರೆ ಹೊತ್ತಿಕೊಳ್ಳಬಲ್ಲದು, ಅದಕ್ಕಿಂತ ಬಹಳ ಕೆಳಗೆ ಇರಬೇಕು. ಇಷ್ಟೆಲ್ಲ ಆಗುವುದು ಒಂದೆರಡು ಸೆಕೆಂಡಿನಲ್ಲಿ. ತಾಂಡೇಲನಿಗೆ ಗೊತ್ತೂ ಆಗುವುದಿಲ್ಲ.

ಥ್ರಾಟಲ್ ಏರಿಸುವಾಗ ಇದರ ತಲೆಕೆಳಗು. ಅಲ್ಲಿ ನಿಯಮ ಒಂದೇ: ಮೊದಲು ಗಾಳಿ ಮತ್ತು ಹೈಡ್ರೋಜನ್, ಆಮೇಲೆ ಕರೆಂಟ್. ಗ್ಯಾಸ್ ಬರುವ ಮೊದಲೇ ಕರೆಂಟ್ ಎಳೆದರೆ ಸೆಲ್ ಹಸಿವಿನಿಂದ ಸೊರಗುತ್ತದೆ. ಹೈಡ್ರೋಜನ್ ಕೊರತೆ ಆದರಂತೂ ಆ ಸೆಲ್‌ನ ವೋಲ್ಟೇಜೇ ತಿರುಗುಮುರುಗಾಗಿ ಅದು ತನ್ನ ಇಂಗಾಲವನ್ನೇ ತಿನ್ನತೊಡಗುತ್ತದೆ. ಆ ಮೊದಲ ಸೆಕೆಂಡಿನ ಜೋರನ್ನು ಬ್ಯಾಟರಿ ಕೊಡುತ್ತದೆ, ಸ್ಟ್ಯಾಕ್ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಸುಮ್ನೆ ಐಡಲ್‌ನಲ್ಲಿ ನಿಂತಾಗಲೂ ಬೈಪಾಸ್‌ಗೆ ಬಿಡುವಿಲ್ಲ. ಕಂಪ್ರೆಸರ್‌ಗೆ ಎಣ್ಣೆ ಹಾಕುವ ಹಾಗಿಲ್ಲ, ಎಣ್ಣೆಯ ಹನಿ ಸ್ಟ್ಯಾಕಿಗೆ ಹೋದರೆ ಪ್ಲಾಟಿನಂ ಕೆಡುತ್ತದೆ. ಅದಕ್ಕೆ ಎಷ್ಟೋ ಕಂಪ್ರೆಸರ್‌ಗಳಲ್ಲಿ ಶಾಫ್ಟ್ ನಿಲ್ಲುವುದು ಗಾಳಿಯ ತೆಳುಪದರದ ಮೇಲೆ. ವೇಗ ತೀರಾ ಕಮ್ಮಿಯಾದರೆ ಆ ಪದರ ಉಳಿಯದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಹಾಗಾಗಿ ಐಡಲ್‌ನಲ್ಲೂ ಅದು ಒಂದು ಮಟ್ಟದ ವೇಗದಲ್ಲಿ ತಿರುಗುತ್ತಲೇ ಇರಬೇಕು. ಅಷ್ಟು ಗಾಳಿ ಸ್ಟ್ಯಾಕಿಗೆ ಬೇಡ. ಬಿಟ್ಟರೆ ಪೊರೆ ಒಣಗುತ್ತದೆ, ಸೆಲ್‌ನ ವೋಲ್ಟೇಜ್ 0.9 ದಾಟಿ ಪ್ಲಾಟಿನಂ ಕರಗತೊಡಗುತ್ತದೆ. ಹೆಚ್ಚಿನ ಗಾಳಿ ಬೈಪಾಸ್‌ನಲ್ಲಿ ಹೊರಗೆ ಹೋಗುತ್ತದೆ.

ಆಫ್ ಮಾಡಿದ ಮೇಲೆ

ಡೀಸೆಲ್ ಇಂಜಿನ್ ಆಫ್ ಮಾಡಿದರೆ ಅಲ್ಲಿಗೆ ಮುಗಿಯಿತು, ಅಲ್ವಾ? ಫ್ಯುಯೆಲ್ ಸೆಲ್‌ಗೆ ನಿಜವಾದ ಗಂಡಾಂತರ ಇಲ್ಲಿಂದ ಶುರು.

ಏನೂ ಮಾಡದೆ ಸ್ವಿಚ್ ಆರಿಸಿದಿರಿ ಅನ್ನಿ. ಉಳಿದ ಹೈಡ್ರೋಜನ್ ಮೆಲ್ಲಗೆ ಖಾಲಿಯಾಗುತ್ತದೆ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಈಗ ಪೊರೆಯ ಎರಡೂ ಬದಿಗೆ ಗಾಳಿ. ಮರುದಿನ ಆನ್ ಮಾಡಿದಾಗ ಹೈಡ್ರೋಜನ್ ಒಂದು ತುದಿಯಿಂದ ನುಗ್ಗುತ್ತದೆ. ಅರ್ಧ ದಾರಿ ಬಂದಾಗ ಅದೇ ಸೆಲ್‌ನ ಒಂದು ಅರ್ಧದಲ್ಲಿ ಹೈಡ್ರೋಜನ್, ಇನ್ನೊಂದು ಅರ್ಧದಲ್ಲಿ ಗಾಳಿ. ಹೈಡ್ರೋಜನ್ ಇರುವ ಅರ್ಧ ಕರೆಂಟ್ ಮಾಡತೊಡಗುತ್ತದೆ. ಹೊರಗೆ ಲೋಡ್ ಇಲ್ಲ. ಅದು ಉಳಿದ ಅರ್ಧವನ್ನು ಹಿಮ್ಮುಖವಾಗಿ ನಡೆಸುತ್ತದೆ. ಅಲ್ಲಿ ಗಾಳಿ ಬದಿಯ ವೋಲ್ಟೇಜ್ 1.4-1.5ರ ಹತ್ತಿರ ಏರುತ್ತದೆ. ಆ ವೋಲ್ಟೇಜಿನಲ್ಲಿ ಇಂಗಾಲದ ಪುಡಿ ನೀರಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಿಬಿಡುತ್ತದೆ. ಆಸರೆ ಹೋದ ಮೇಲೆ ಪ್ಲಾಟಿನಂ ಕಣಗಳು ಜಾರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದೆಲ್ಲ ಆಗುವುದು ಕ್ಷಣಮಾತ್ರ. ಆದರೆ ಪ್ರತಿ ಸಲ ಆನ್ ಮಾಡಿದಾಗಲೂ ಒಂದು ಪದರ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಇದಕ್ಕೆ ಮದ್ದು ಗಾಳಿ ಬದಿಯ ಎರಡು ವಾಲ್ವ್‌ಗಳು. ಆಫ್ ಒತ್ತಿದ ಕೂಡಲೇ ಒಳದಾರಿ, ಹೊರದಾರಿ ಎರಡೂ ಬಿಗಿಯಾಗಿ ಮುಚ್ಚುತ್ತವೆ. ಒಳಗೆ ಸಿಕ್ಕಿಕೊಂಡ ಆಮ್ಲಜನಕ ತೀರುವ ತನಕ ಸ್ವಲ್ಪ ಸ್ವಲ್ಪ ಕರೆಂಟ್ ತೆಗೆಯುತ್ತಾರೆ. ಕೊನೆಗೆ ಗಾಳಿ ಬದಿಯಲ್ಲಿ ಉಳಿಯುವುದು ಸಾರಜನಕ. ಹೈಡ್ರೋಜನ್ ಬದಿಯಲ್ಲಿ ಹೈಡ್ರೋಜನ್ ಹಾಗೇ ಇರುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಆ ಅರ್ಧ-ಅರ್ಧದ ಆಟಕ್ಕೆ ಅವಕಾಶವೇ ಇಲ್ಲ.

ಕೇಳಲು ಸುಲಭ. ಆದರೆ ಗಾಳಿಯ ಐದನೇ ಒಂದು ಭಾಗ ಆಮ್ಲಜನಕ ತಾನೇ? ಅದು ಖರ್ಚಾದರೆ ಒಳಗಿನ ಒತ್ತಡ ಅಷ್ಟು ಇಳಿಯುತ್ತದೆ. ಸ್ಟ್ಯಾಕ್ ತಣ್ಣಗಾದಂತೆ ಆವಿಯೂ ನೀರಾಗಿ ಒತ್ತಡ ಇನ್ನೂ ಇಳಿಯುತ್ತದೆ. ಅಂದರೆ ನಿಂತ ಸ್ಟ್ಯಾಕ್ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತಿರುತ್ತದೆ. ವಾಲ್ವ್ ಆ ಎಳೆತವನ್ನು ರಾತ್ರಿಯಿಡೀ ತಡೆಯಬೇಕು. ತಟ್ಟೆಯ ಅಂಚಿಗೂ ಅದು ಕೂರುವ ರಬ್ಬರ್ ಸೀಟಿಗೂ ನಡುವೆ ಒಂದು ಮರಳಿನ ಕಣ, ಒಂದು ಉಪ್ಪಿನ ಹರಳು ಕೂತರೆ ಸಾಕು, ಗಾಳಿ ಒಳಗೆ ನುಸುಳುತ್ತದೆ.

ಉಪ್ಪು ಅಂದಾಗಲೇ ನಮ್ಮ ಕರಾವಳಿಯ ಮಾತು ಬೇರೆಯಾಗುವುದು. ಲೇಹ್‌ನಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿ ಹೈಡ್ರೋಜನ್ ಬಸ್ ಯೋಜನೆ ಮಾಡಿದೆ. ಅಂಥ ಚಳಿಯ ಜಾಗದಲ್ಲಿ ವಾಲ್ವ್‌ನೊಳಗೆ ಉಳಿದ ನೀರು ಮಂಜುಗಟ್ಟುವ ಚಿಂತೆ. ನಮಗೆ ಆ ತಾಪತ್ರಯವಿಲ್ಲ, ಬದಲಿಗೆ ಸಮುದ್ರದ ಗಾಳಿ. ಅದರ ಉಪ್ಪು ಸ್ಟ್ಯಾಕ್ ಸೇರಿದರೆ ಎರಡು ಕೆಡುಕು. ಸೋಡಿಯಂ ಪೊರೆಯೊಳಗೆ ಪ್ರೋಟಾನ್ ಕೂರುವ ಜಾಗ ಹಿಡಿದುಕೊಂಡು ಕರೆಂಟಿನ ದಾರಿಗೆ ಅಡ್ಡ ಬರುತ್ತದೆ. ಕ್ಲೋರೈಡ್ ಪ್ಲಾಟಿನಂಗೆ ಅಂಟಿಕೊಂಡು ಅದು ಬೇಗ ಕರಗುವಂತೆ ಮಾಡುತ್ತದೆ. 16 ಯೂನಿಟ್‌ಗೆ 60 ಘನ ಮೀಟರ್ ಗಾಳಿ ಅಂದೆವಲ್ಲ, ಆ ಗಾಳಿಯ ಉಪ್ಪನ್ನೆಲ್ಲ ಫಿಲ್ಟರ್ ಹಿಡಿಯಬೇಕು. ಹಿಡಿದು ಹಿಡಿದು ಫಿಲ್ಟರ್ ಕಟ್ಟಿಕೊಂಡರೆ ಕಂಪ್ರೆಸರ್ ಬಾಯಲ್ಲಿ ಒತ್ತಡ ಬೀಳುತ್ತದೆ, ಅಷ್ಟೇ ಕೆಲಸಕ್ಕೆ ಜಾಸ್ತಿ ದುಡಿಯಬೇಕಾಗುತ್ತದೆ, ಸರ್ಜ್ ಹತ್ತಿರ ಬರುತ್ತದೆ. ಒಂದು ಕೊಳಕು ಫಿಲ್ಟರ್‌ನಿಂದ ಇಡೀ ಲೆಕ್ಕಾಚಾರ ಏರುಪೇರು. ಫಿಲ್ಟರ್‌ನ ಆಚೀಚೆ ಒತ್ತಡ ಅಳೆಯುವ ಸೆನ್ಸರ್ ಇಲ್ಲದ ಫ್ಯುಯೆಲ್ ಸೆಲ್ ಅನ್ನು ಕರಾವಳಿಗೆ ತರುವುದೇ ತಪ್ಪು ಅಂತ ನನ್ನ ಅಭಿಪ್ರಾಯ.

ಇನ್ನೂ ಒಂದಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ದಡದಲ್ಲಿ. ಯಾವ ವಾಲ್ವ್ ಆದರೂ 61 ದಿನ ಹೈಡ್ರೋಜನ್ ಹಿಡಿದಿಟ್ಟೀತು ಅಂತ ನಂಬುವ ಹಾಗಿಲ್ಲ, ಅದು ಅತಿ ಸಣ್ಣ ಅಣು. ಹಾಗಾಗಿ ದೀರ್ಘಕಾಲ ನಿಲ್ಲಿಸುವಾಗ ಸಾರಜನಕ ತುಂಬಿ ಮುಚ್ಚಿಡುವುದು ಒಳ್ಳೆಯದು, ಅಥವಾ ಆಗಾಗ ಹೈಡ್ರೋಜನ್ ಮರುಪೂರಣ ಮಾಡಬೇಕು. ‘ಮಳೆಗಾಲ ಕಳೆದ ಮೇಲೆ ನೋಡಿದರಾಯ್ತು’ ಅನ್ನುವ ಲೆಕ್ಕ ಇಲ್ಲಿ ನಡೆಯದು.

ಪರ್ಜ್ ವಾಲ್ವ್ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಓಡುವಾಗ ಗಾಳಿಯ ಸಾರಜನಕ ಪೊರೆಯೊಳಗಿಂದ ನುಸುಳಿ ಹೈಡ್ರೋಜನ್ ಬದಿಗೆ ಬರುತ್ತಲೇ ಇರುತ್ತದೆ, ನೀರೂ ಬರುತ್ತದೆ. ಅದನ್ನು ಹೊರಹಾಕಲು ಈ ವಾಲ್ವ್ ಆಗಾಗ ಕ್ಷಣಕಾಲ ತೆರೆಯುತ್ತದೆ. ಮುಚ್ಚಿಯೇ ಸಿಕ್ಕಿಹಾಕಿಕೊಂಡರೆ ಸೆಲ್‌ಗಳಿಗೆ ಹೈಡ್ರೋಜನ್ ಸಾಲದೆ ಹಸಿವು. ತೆರೆದೇ ಉಳಿದರೆ ಗ್ಯಾಸ್ ದಂಡ, ಜೊತೆಗೆ ಬೆಂಕಿಯ ಭಯ.

ಕರೆಂಟೇ ಹೋದರೆ? ಕಂಟ್ರೋಲರ್ ಸತ್ತರೆ? ಟ್ಯಾಂಕಿನ ವಾಲ್ವ್‌ನೊಳಗೆ ಸ್ಪ್ರಿಂಗ್ ಇದೆ. ಕರೆಂಟ್ ಇದ್ದರಷ್ಟೇ ಅದು ತೆರೆದಿರುತ್ತದೆ, ಹೋದ ತಕ್ಷಣ ಸ್ಪ್ರಿಂಗ್ ತಾನೇ ಮುಚ್ಚುತ್ತದೆ. ರೆಗ್ಯುಲೇಟರ್ ಕೈಕೊಟ್ಟು ಒತ್ತಡ ಏರಿದರೆ ಕೊನೆಯ ಕಾವಲಿಗೆ, ಒತ್ತಡಕ್ಕೇ ತಾನಾಗಿ ತೆರೆದುಕೊಳ್ಳುವ ರಿಲೀಫ್ ವಾಲ್ವ್. ಅದಕ್ಕೆ ಸಾಫ್ಟ್‌ವೇರ್ ಇಲ್ಲ, ವೈರ್ ಇಲ್ಲ. ಹಾಗೇ ಇರಬೇಕು ಕೂಡ.

ಕಾರವಾರದ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕಾಸ್ಟಿಕ್ ಸೋಡಾ ಮಾಡುವಾಗ ಟನ್ನಿಗೆ 25 ಕಿಲೋ ಹೈಡ್ರೋಜನ್ ಜೊತೆಗೇ ಬರುತ್ತದೆ, ಅದು ರಸಾಯನಶಾಸ್ತ್ರದ ಲೆಕ್ಕ. 25 ಕಿಲೋ ಅಂದರೆ ಹತ್ತಿರ ಹತ್ತಿರ 400 ಯೂನಿಟ್. ಹೈಡ್ರೋಜನ್ ಕಾರವಾರಕ್ಕೆ ಅಷ್ಟೇನೂ ಪರಕೀಯವಲ್ಲ. ಕಲಿಯಬೇಕಾದದ್ದು ವಾಲ್ವ್ ಪರೀಕ್ಷೆ. ಅದಕ್ಕೆ ಆ 61 ದಿನಗಳೇ ಒಳ್ಳೆ ಸಮಯ. ಸ್ಟ್ಯಾಕಿನ ಬಾಗಿಲ ವಾಲ್ವ್‌ಗಳನ್ನು ಮುಚ್ಚಿ, ತಯಾರಕರು ಹೇಳಿದ ಮಿತಿಯೊಳಗೆ ಎರಡೂ ಬದಿಗೆ ಒಟ್ಟಿಗೇ ಸಾರಜನಕ ತುಂಬಿ, ಗೇಜ್ ಮುಳ್ಳು ನೋಡಬೇಕು. ಮುಳ್ಳು ಇಳಿದರೆ ಸೋರಿಕೆ ಇದೆ. ಸೋಪಿನ ನೀರು ಹಚ್ಚಿ ಹುಡುಕಿದರೆ ಹೊರಗಿನ ಜಾಯಿಂಟ್ ಸೋರುವುದು ಗೊತ್ತಾಗುತ್ತದೆ. ಸೀಟಿನಲ್ಲಿ ಸೋರಿದ್ದು ಪೈಪಿನೊಳಗೇ ಹೋಗುತ್ತದೆ, ಗುಳ್ಳೆ ಕಾಣುವುದಿಲ್ಲ. ಅದಕ್ಕೆ ಒಂದೊಂದೇ ವಾಲ್ವ್ ಬಿಚ್ಚಿ, ತಟ್ಟೆಯ ಅಂಚನ್ನು ಶುದ್ಧ ನೀರಲ್ಲಿ ತೊಳೆದು, ಒಣಗಿಸಿ, ಸೀಟಿನ ರಬ್ಬರ್ ಮೇಲೆ ಗೆರೆ ಬಿದ್ದಿದೆಯಾ ಅಂತ ನೋಡಬೇಕು. ಗೆರೆ ಇದ್ದರೆ ಸೀಟನ್ನೇ ಬದಲಿಸಬೇಕು.